ಅಪ್ಪನ ಸಹಿ ಬಿಟ್ಟೆ, ಅತ್ತೆಯನ್ನು ಹುಡುಕಿದೆ

ಹದಿನೆಂಟು ತುಂಬದ ಹುಡುಗನಿರಲಿ, ಹುಡುಗಿಯಿರಲಿ, ಕೇಸ್ ಅದೇ ಮೊಬೈಲ್ ಕಳವು. ಹುಡುಗನಾದರೆ ಅಪ್ಪ ಬಂದು ಸಹಿ ಹಾಕುತ್ತಾನೆ, ಸಂಜೆ ಬಸ್ಸಿಗೆ ಇಬ್ಬರೂ ಊರಿಗೆ. ಹುಡುಗಿಯಾದರೆ ‘ಹೊರಗೆ ಬಿಟ್ಟರೆ ಕಷ್ಟ’ ಅಂತ ವೀಕ್ಷಣಾಲಯಕ್ಕೆ, ಅಂದರೆ ಕೇಸ್ ನಡೆಯುವಾಗ ಮಕ್ಕಳನ್ನು ಇಡುವ ಮನೆಗೆ. ಈಗಿನ (2015ರ) ಬಾಲನ್ಯಾಯ ಕಾಯ್ದೆಯ ಕಲಂ 12ರಲ್ಲಿ, ಬಿಟ್ಟರೆ ‘ನೈತಿಕ ಅಪಾಯ’ ಅನ್ನಿಸಿದರೆ ಬಿಡಬೇಡಿ ಅಂತಿದೆ, ಅದು ಹುಡುಗಿಯರಿಗೇ ಬರೆದಂತಿದೆ. ನಾನು ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ಇಂಥ ಮಕ್ಕಳ ಪರ ವಕೀಲಿಕೆ ಮಾಡುತ್ತೇನೆ. ಮಕ್ಕಳ ಕೇಸ್ ಕೇಳುವ ಬಾಲನ್ಯಾಯ ಮಂಡಳಿಗೆ ನಾವು ಬೋರ್ಡ್ ಅನ್ನುತ್ತೇವೆ, ಯಾವ ಬೋರ್ಡ್ ಅಂತ ಕೇಳಬೇಡಿ. ಮಕ್ಕಳ ಗುರುತಂತೂ ಹೇಳುವಂತಿಲ್ಲ, ಕಲಂ 74 ಗೊತ್ತಲ್ವಾ.

ಮೊದಮೊದಲು ಸೋತಿದ್ದೇ ಜಾಸ್ತಿ. ಜಾಮೀನು ಸಿಗದ ಅಪರಾಧವಾದರೂ ಮಗುವನ್ನು ಬಿಡುವುದೇ ನಿಯಮ ಅಂತ ವಾದಿಸಿದೆ. ಬೋರ್ಡಿನವರು ತಲೆ ಆಡಿಸಿದರು, ಬಿಡಲಿಲ್ಲ. ಒಮ್ಮೆ ಅಪ್ಪನನ್ನು ಕಾಡಿಬೇಡಿ ಕರೆತಂದೆ. ಅವನು ಎಲ್ಲರ ಎದುರೇ “ಮರ್ಯಾದಿ ಕಳದಾಳ್ರೀ, ನೀವ ಇಟ್ಕೊಳ್ರಿ” ಅಂದುಬಿಟ್ಟ. ಕದ್ದದ್ದು ಏಳೆಂಟು ಸಾವಿರದ ಫೋನ್. ಹುಡುಗಿ ಒಳಗಿದ್ದದ್ದು ಹೆಚ್ಚುಕಮ್ಮಿ ಎರಡು ತಿಂಗಳು. ಓಡಾಟಕ್ಕೆ ನನ್ನ ಕೈಯಿಂದಲೇ ಮೂರು ಸಾವಿರ ಹೋಯಿತು. ಅದು ವಾಪಸ್ ಬರಲಿಲ್ಲ ಬಿಡಿ.

ಅವತ್ತಿನಿಂದ ಅಪ್ಪನನ್ನು ಬಿಟ್ಟೆ. ಅಜ್ಜಿ, ಸೋದರತ್ತೆ, ಮದುವೆಯಾದ ಅಕ್ಕ, ಯಾರಾದರೂ ಸರಿ. ಪೊಲೀಸರು ಹುಡುಗಿಯನ್ನು 24 ಗಂಟೆಯೊಳಗೆ ಹಾಜರುಪಡಿಸುತ್ತಾರಲ್ಲ, ಅಷ್ಟರಲ್ಲಿ ಒಬ್ಬಳನ್ನು ಬೋರ್ಡ್ ಮುಂದೆ ನಿಲ್ಲಿಸಬೇಕು. ಕೈಯಲ್ಲೊಂದು ಹಾಳೆ: ಹುಡುಗಿ ಎಲ್ಲಿ ಮಲಗುತ್ತಾಳೆ, ಯಾವ ಶಾಲೆ, ದಾರಿಗೆ ಜೊತೆ ಯಾರು. ಮಗುವಿನ ಮನೆ, ಹಿನ್ನೆಲೆ ನೋಡಿ ಪ್ರೊಬೇಷನ್ ಅಧಿಕಾರಿ ಕೊಡುವ ವರದಿಗೆ ಎರಡು ವಾರವಿದೆ, ನಾನು ಅಷ್ಟು ದಿನ ಕಾಯುವುದಿಲ್ಲ. ಒಲ್ಲೆ ಅನ್ನುವ ಅತ್ತೆಯನ್ನು ಹೇಗೆ ಒಪ್ಪಿಸುತ್ತೇನೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ, ಅದು ನನ್ನ ಅನ್ನ.

ಹಿರಿಯ ವಕೀಲರು ನಕ್ಕರು. ಅಪ್ಪ ಇರುವಾಗ ಅತ್ತೆ ಯಾರು ಅಂದರು. ಬೋರ್ಡ್ ಒಪ್ಪಿದ ‘ಯೋಗ್ಯ ವ್ಯಕ್ತಿ’ಗೂ ಒಪ್ಪಿಸಬಹುದು ಅಂತ ಅದೇ ಕಲಂ 12 ಹೇಳುತ್ತದೆ, ಓದಿದವರು ಕಮ್ಮಿ. ಈ ಹಿರಿಯರೆಲ್ಲ 1986ರ ಹಳೆಯ ಬಾಲನ್ಯಾಯ ಕಾಯ್ದೆಯಲ್ಲಿ ಪಳಗಿದವರು. ಆಗ ಮಗು ಅನ್ನಿಸಿಕೊಳ್ಳುವ ವಯಸ್ಸಿನ ಮಿತಿ ಹುಡುಗನಿಗೆ 16, ಹುಡುಗಿಗೆ 18 ಇತ್ತು. 2000ದ ಕಾಯ್ದೆ ಇಬ್ಬರಿಗೂ 18 ಮಾಡಿತು, ಹುಡುಗಿಯನ್ನು ಕೂಡಿಹಾಕಿ ಕಾಪಾಡುವ ಚಟ ಮಾತ್ರ ಹೋಗಲಿಲ್ಲ.

ಈಚಿನ ಹನ್ನೆರಡು-ಹದಿಮೂರು ಹುಡುಗಿಯರಲ್ಲಿ ಒಂಬತ್ತು ಮಂದಿ ಅದೇ ವಾರ ಮನೆ ಸೇರಿದರು. ನಕ್ಕವರಲ್ಲಿ ಇಬ್ಬರು ಈಗ ನನ್ನ ಹಾಳೆಯ ನಕಲು ಕೇಳುತ್ತಾರೆ. ಖರ್ಚೂ ಇಳಿಯಿತು. ಮೊದಲು ಅಜ್ಜಿಯರ ಬಸ್ ಚಾರ್ಜು ನನ್ನದೇ, ತಾರೀಖಿಗೆ ಇನ್ನೂರು-ಮುನ್ನೂರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು, ಆಧಾರ್ ಕಾರ್ಡ್ ತೋರಿಸಿ ತಾವೇ ಬರುತ್ತಾರೆ.

ಸುಮ್ನೆ ಹುಡುಗರ ಕೇಸಲ್ಲೂ ನೋಡಿದೆ, ಅಪ್ಪನ ಬದಲು ಅಮ್ಮನ ಸಹಿ. ತಾರೀಖು ತಪ್ಪಿಸುವುದು ಕಮ್ಮಿಯಾಯಿತು. ಆದರೆ ದೀಪಾವಳಿ ಹೊತ್ತಿಗೆ ತಾಂಡಾದ ಇಬ್ಬರು ಅಮ್ಮಂದಿರು ಮಕ್ಕಳನ್ನೂ ಕಟ್ಟಿಕೊಂಡು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋದರು. ನಾಲ್ಕು ತಿಂಗಳು ದಾಟಿತು, ಆ ಎರಡು ಕೇಸ್ ಇನ್ನೂ ಎಳೆಯುತ್ತಿವೆ.