ಓಟಗಾರರು ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರಾಗುವುದು ಹೇಗೆ?

ರಾಜ್ಯಮಟ್ಟದಲ್ಲಿ 400 ಮೀಟರ್ ಓಡಿದವರು ಈ ಹುದ್ದೆಗೆ ಅರ್ಜಿ ಹಾಕುವಾಗ ಪದಕಗಳನ್ನೇ ನೆಚ್ಚಿಕೊಂಡಿರುತ್ತಾರೆ. ಆದರೆ ಅರ್ಜಿಯ ಹಂತದಲ್ಲಿ ನೋಡುವುದು ಅಂಕ ಮತ್ತು ಕಾಗದಪತ್ರ. ಕೆಲಸಕ್ಕೆ ಸೇರಿದ ಮೇಲಂತೂ ಟೇಪು ಹಿಡಿದು ಸರಿಯಾಗಿ ಅಳೆಯಲು ಬರುತ್ತದೆಯೇ ಎಂಬುದೇ ಮುಖ್ಯ.

ಮೊದಲು ಓದಿನ ವಿಷಯ. ಪದವಿಯ ನಂತರ ಎರಡು ವರ್ಷದ ಬಿ.ಪಿ.ಎಡ್. (ದೈಹಿಕ ಶಿಕ್ಷಣದ ಪದವಿ), ಅದರ ಮೇಲೆ ಎರಡು ವರ್ಷದ ಎಂ.ಪಿ.ಎಡ್. (ಅದರದೇ ಸ್ನಾತಕೋತ್ತರ ಪದವಿ). ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮಾವಳಿಯಂತೆ ಸ್ನಾತಕೋತ್ತರದಲ್ಲಿ ಕನಿಷ್ಠ ಶೇ. 55 ಅಂಕ ಬೇಕು; ಪರಿಶಿಷ್ಟರಿಗೆ ಮತ್ತು ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗದವರಿಗೆ ಶೇ. 5 ಸಡಿಲಿಕೆ ಇದೆ. ಜೊತೆಗೆ ದೈಹಿಕ ಶಿಕ್ಷಣ ವಿಷಯದಲ್ಲಿ ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಅಥವಾ ಕೆ-ಸೆಟ್ (ಕರ್ನಾಟಕ ರಾಜ್ಯದ ಅರ್ಹತಾ ಪರೀಕ್ಷೆ), ಇಲ್ಲವೇ ನಿಯಮಕ್ಕೆ ಒಪ್ಪುವ ಪಿಎಚ್.ಡಿ. ಯುಜಿಸಿ ವೇತನಶ್ರೇಣಿಯಲ್ಲಿ ಆರಂಭದ ಮೂಲವೇತನ 57,700 ರೂಪಾಯಿ. ಓಟಗಾರರು ಎಡವುವುದು ಎಂ.ಪಿ.ಎಡ್.ನಲ್ಲೇ: ಬೆಳಗ್ಗೆ ಸಂಜೆ ಅಭ್ಯಾಸಕ್ಕೆ ಹೋಗಿ ಸಂಖ್ಯಾಶಾಸ್ತ್ರ, ಬಯೋಮೆಕ್ಯಾನಿಕ್ಸ್ (ದೇಹದ ಚಲನೆಯ ವಿಜ್ಞಾನ) ಪತ್ರಿಕೆಗಳನ್ನು ಕೈಬಿಡುತ್ತಾರೆ. ಶೇ. 54ಕ್ಕೆ ನಿಂತರೆ ಯಾವ ಪದಕವೂ ಅದನ್ನು ತುಂಬಿಕೊಡುವುದಿಲ್ಲ.

ಅಂತರ ಕಾಲೇಜು, ಅಂತರ ವಿಶ್ವವಿದ್ಯಾಲಯ, ರಾಜ್ಯ ಅಥವಾ ರಾಷ್ಟ್ರಮಟ್ಟದಲ್ಲಿ ಪಾಲ್ಗೊಂಡ ಪುರಾವೆಯನ್ನೂ ಕೊಡಬೇಕು. ಗೆದ್ದಿರಲೇಬೇಕು ಎಂದೇನಿಲ್ಲ, ಪ್ರತಿನಿಧಿಸಿದ್ದರೆ ಸಾಕು. ಪ್ರಮಾಣಪತ್ರದಲ್ಲಿರುವ ಹೆಸರು, ಇನಿಷಿಯಲ್ ಎರಡೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಜೊತೆ ತಾಳೆಯಾಗುತ್ತವೆಯೇ ಎಂದು ಓದುತ್ತಿರುವಾಗಲೇ ನೋಡಿಕೊಳ್ಳಿ. ಹತ್ತು ವರ್ಷ ಕಳೆದ ಮೇಲೆ ತಿದ್ದಿಸಲು ಹೋದರೆ ಸಹಿ ಹಾಕಿದವರು ನಿವೃತ್ತರಾಗಿರುತ್ತಾರೆ, ಕಡತ ಸಿಗುವುದಿಲ್ಲ.

ಆಮೇಲೆ ದೈಹಿಕ ಕ್ಷಮತೆಯ ಪರೀಕ್ಷೆ. ಅದಕ್ಕೆ ಮುಂಚೆ ವೈದ್ಯಕೀಯ ಪ್ರಮಾಣಪತ್ರ ಒಪ್ಪಿಸಬೇಕು. 30 ವರ್ಷದೊಳಗಿನ ಪುರುಷರು 12 ನಿಮಿಷದಲ್ಲಿ 1800 ಮೀಟರ್ ಮುಗಿಸಬೇಕು. 40ರವರೆಗೆ 1500, 45ರವರೆಗೆ 1200, 50ರವರೆಗೆ 800. ಮಹಿಳೆಯರಿಗೆ 8 ನಿಮಿಷ. ದೂರ ಅದೇ ವಯಸ್ಸಿನ ಕ್ರಮದಲ್ಲಿ 1000, 800, 600, 400. 1800 ಎಂದರೆ 400 ಮೀಟರ್ ಸುತ್ತಿಗೆ 2 ನಿಮಿಷ 40 ಸೆಕೆಂಡ್, ಹಗುರ ಜಾಗಿಂಗ್ ಅಷ್ಟೆ. ಆದರೂ ಅಭ್ಯಾಸ ಬಿಟ್ಟ ಸ್ಪ್ರಿಂಟರುಗಳೇ ಇಲ್ಲಿ ಒದ್ದಾಡುವುದು: ಹಳೆಯ ಚಾಳಿಯಲ್ಲಿ ಮೊದಲ ಸುತ್ತನ್ನು ಒಂದೂವರೆ ನಿಮಿಷಕ್ಕೆ ಎಳೆದು, ಮೂರನೆಯದಕ್ಕೆ ಸೊಂಟ ಹಿಡಿದು ನಿಲ್ಲುತ್ತಾರೆ.

ಕೆಲಸ ಸಿಕ್ಕ ಮೇಲೆ ನಿಜವಾದ ಪರೀಕ್ಷೆ ವಾರ್ಷಿಕ ಕ್ರೀಡಾಕೂಟದ್ದು. ಹೆಚ್ಚಿನ ಕಾಲೇಜುಗಳಲ್ಲಿ 400 ಮೀಟರ್ ಟ್ರ್ಯಾಕಿಗೆ ಜಾಗವಿಲ್ಲ. 100×60 ಮೀಟರಿನ ಮೈದಾನವಿದ್ದರೆ ಆರು ಲೇನಿನ 200 ಮೀಟರ್ ಟ್ರ್ಯಾಕ್ ಆರಾಮಾಗಿ ಕೂರುತ್ತದೆ. ಲೆಕ್ಕ ಹೀಗೆ: ನೇರ ಭಾಗ 40 ಮೀಟರಿನಂತೆ ಎರಡು, ಒಟ್ಟು 80. ಉಳಿದ 120 ಮೀಟರ್ ಎರಡು ತಿರುವುಗಳಿಗೆ. ಅದನ್ನು 2π ಇಂದ ಭಾಗಿಸಿದರೆ ಓಟದ ತ್ರಿಜ್ಯ 19.10. ನಮ್ಮ ಮೈದಾನದಲ್ಲಿ ಒಳ ಅಂಚಿಗೆ ಕಟ್ಟೆ ಇರುವುದಿಲ್ಲ, ಸುಣ್ಣದ ಗೆರೆ ಮಾತ್ರ. ಆದ್ದರಿಂದ ಓಟದ ದೂರವನ್ನು ಗೆರೆಯಿಂದ 20 ಸೆಂ.ಮೀ. ಹೊರಗೆ ಅಳೆಯಬೇಕು. ಅಂದರೆ ಗೆರೆ ಎಳೆಯುವ ತ್ರಿಜ್ಯ 18.90, ಒಳಗೆರೆಯ ಹೊರ ಅಂಚು ಇಲ್ಲಿಗೇ ಬರಬೇಕು.

40 ಮೀಟರ್ ಅಂತರದಲ್ಲಿ ಎರಡು ಗೂಟ ಹೊಡೆದು, ಎರಡರಿಂದಲೂ 6, 8, 10 ಮೀಟರ್ ಬದಿಗಳ ತ್ರಿಕೋನದ ಸಹಾಯದಿಂದ ಲಂಬ ಹಿಡಿದು, ಎರಡೂ ಬದಿಗೆ 18.90ಕ್ಕೆ ಗುರುತು ಹಾಕಿ. ನಾಲ್ಕು ಗುರುತುಗಳ ಎರಡು ಕರ್ಣಗಳೂ 55 ಮೀಟರ್ 3-4 ಸೆಂ.ಮೀ. ಬರಬೇಕು. ಬರದಿದ್ದರೆ ಮುಂದುವರಿಯಬೇಡಿ, ಟ್ರ್ಯಾಕ್ ಸೊಟ್ಟಗಿದೆ. ತಿರುವು ಎಳೆಯಲು ನೈಲಾನ್ ಹಗ್ಗ ಬೇಡ, ಅದು ಹಿಗ್ಗುತ್ತದೆ. ತಂತಿ ಅಥವಾ ಸ್ಟೀಲ್ ಟೇಪು ಬಳಸಿ. ಲೇನಿನ ಅಗಲ 1.22 ಮೀಟರ್, ಬಲಗಡೆಯ 5 ಸೆಂ.ಮೀ. ಗೆರೆ ಅದರೊಳಗೇ ಸೇರಿದೆ. ಪ್ರತಿ ಲೇನಿನ ತ್ರಿಜ್ಯವನ್ನೂ ಗೂಟದಿಂದಲೇ ಅಳೆಯಿರಿ: 20.12, 21.34, 22.56 ಹೀಗೆ. ಹಿಂದಿನ ಗೆರೆಯಿಂದ ಅಳೆಯುತ್ತಾ ಹೋದರೆ ಸಣ್ಣ ತಪ್ಪೂ ಆರನೇ ಲೇನಿಗೆ ದೊಡ್ಡದಾಗಿರುತ್ತದೆ.

ಇನ್ನು ಸ್ಟ್ಯಾಗರ್, ಅಂದರೆ ಎಲ್ಲರೂ ಸಮ ದೂರ ಓಡುವಂತೆ ಹೊರ ಲೇನಿನವರ ಆರಂಭದ ಗೆರೆಯನ್ನು ಮುಂದಕ್ಕೆ ಹಾಕುವುದು. ಅತಿ ಹೆಚ್ಚು ಜಗಳ ಹುಟ್ಟುವುದು ಇಲ್ಲೇ. ಪುಸ್ತಕ ನೋಡಿ ಎರಡನೇ ಲೇನಿಗೆ 7.04 ಮೀಟರ್ ಹಾಕುವವರಿದ್ದಾರೆ. ಅದು ಕಟ್ಟೆ ಇರುವ ಟ್ರ್ಯಾಕಿನದು. ಅಲ್ಲಿ ಮೊದಲ ಲೇನನ್ನು 30 ಸೆಂ.ಮೀ. ಹೊರಗೆ, ಉಳಿದವನ್ನು 20ಕ್ಕೆ ಅಳೆಯುತ್ತಾರೆ. ಬರೀ ಗೆರೆಯ ಟ್ರ್ಯಾಕಿನಲ್ಲಿ ಎಲ್ಲವೂ 20ಕ್ಕೇ, ಹಾಗಾಗಿ ಒಂದು ಸುತ್ತಿನ ಓಟಕ್ಕೆ ಎರಡರಿಂದ ಆರನೇ ಲೇನಿನವರೆಗೆ ಕ್ರಮವಾಗಿ 7.67, 15.33, 23.00, 30.66, 38.33. ತಿರುವು ಚಿಕ್ಕದಿರಲಿ ದೊಡ್ಡದಿರಲಿ, ಈ ಅಂಕಿಗಳು ಬದಲಾಗುವುದಿಲ್ಲ. ಲೇನಿನ ಅಗಲ ಬದಲಾದರೆ ಮಾತ್ರ ಬದಲಾಗುತ್ತವೆ. 400 ಮೀಟರನ್ನು ಎರಡೂ ಸುತ್ತು ಲೇನಿನಲ್ಲೇ ಓಡಿಸುವುದಾದರೆ ದುಪ್ಪಟ್ಟು ಕೊಡಬೇಕು. ಅಳೆಯುವಾಗ ಟೇಪನ್ನು ನೇರ ಎಳೆಯಬೇಡಿ. ತಿರುವಿನ ಗುಂಟ ಮೊಳೆ ನೆಟ್ಟು ಬಳಸಿ ಅಳೆಯಿರಿ, ಇಲ್ಲವಾದರೆ ಎರಡನೇ ಲೇನಿನಲ್ಲೇ 4-5 ಸೆಂ.ಮೀ. ವ್ಯತ್ಯಾಸ ಬಂದು ಓಟಗಾರನಿಗೆ ಪುಕ್ಕಟೆ ಲಾಭವಾಗುತ್ತದೆ.

4×100 ಮೀಟರ್ ರಿಲೇಗೆ ಬ್ಯಾಟನ್ ಬದಲಾವಣೆಯ ವಲಯ ಈಗ 30 ಮೀಟರ್, 20 ಅಲ್ಲ. ಹಳೆಯ ನಕ್ಷೆ ನೋಡಿ ಗೆರೆ ಹಾಕಿದರೆ ಆಕ್ಷೇಪಣೆ ಬಂದೇ ಬರುತ್ತದೆ. 100 ಮೀಟರ್ ಓಟಕ್ಕೆ ಹಿಂದೆ 3, ಮುಂದೆ 17 ಮೀಟರ್ ಸೇರಿ 120 ಮೀಟರ್ ಬೇಕು. ಅಷ್ಟು ಜಾಗವಿಲ್ಲದಿದ್ದರೆ ಆ ಸ್ಪರ್ಧೆಯನ್ನು ತಾಲ್ಲೂಕು ಕ್ರೀಡಾಂಗಣಕ್ಕೆ ಒಯ್ಯಿರಿ. ಕಾಂಪೌಂಡ್ ಗೋಡೆಗೆ ಎದುರಾಗಿ ಮುಕ್ತಾಯದ ಗೆರೆ ಹಾಕುವುದು ಮಕ್ಕಳ ಮಣಿಕಟ್ಟು ಮುರಿಸುವ ಕೆಲಸ. ಗೆರೆಗೆ ಸುಟ್ಟ ಸುಣ್ಣವನ್ನು ಹಾಗೇ ಚೆಲ್ಲಬೇಡಿ, ಬೆವರು ತಾಗಿದರೆ ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರಂತೂ ಅಪಾಯ. ಚಾಕ್ ಪೌಡರ್ ತರಿಸಿ. ಗೆರೆಗಳನ್ನು ಹಿಂದಿನ ಸಂಜೆ ಎಳೆದರೂ ಸ್ಟ್ಯಾಗರಿನ ಗೂಟಗಳನ್ನು ಕೀಳಿಸಬೇಡಿ, ರಾತ್ರಿ ಮಳೆ ಬಂದರೆ ಬೆಳಗ್ಗೆ ಮತ್ತೆ ಅಳೆಯುವ ಕಷ್ಟ ತಪ್ಪುತ್ತದೆ.