ನಿಮ್ಮ ಪ್ರೊಸೆಸರ್‌ಗೆ ತಕ್ಕಂತೆ ಕಂಪೈಲ್ ಮಾಡುವುದು ಹೇಗೆ?

‘ಪ್ರೊಸೆಸರ್‌ಗೆಂದೇ ಕಂಪೈಲ್ ಮಾಡಿದೆ, ಪ್ರೋಗ್ರಾಂ ಮೊದಲಿಗಿಂತ ನಿಧಾನವಾಯಿತು’ ಎಂದು ಕೈಚೆಲ್ಲಿದವರನ್ನು ಹಲವು ಸಲ ಕಂಡಿದ್ದೇನೆ. ಬಹುತೇಕರು ಎಡವಿರುವುದು ಒಂದೇ ಸಾಲಿನಲ್ಲಿ. ಲಿನಕ್ಸ್‌ನಲ್ಲಿ ಜಿಸಿಸಿ (ಮೂಲ ಕೋಡನ್ನು ಓಡಬಲ್ಲ ಪ್ರೋಗ್ರಾಂ ಆಗಿಸುವ ಕಂಪೈಲರ್) ಬಳಸುವವರು ಆ ಸಾಲನ್ನು ಸರಿಯಾಗಿ ಬರೆಯಲಿ ಎಂದೇ ಈ ಲೇಖನ.

ಮೊದಲು ಪ್ರೋಗ್ರಾಂ ಆರಿಸಿ. ಗಂಟೆಗಟ್ಟಲೆ ಲೆಕ್ಕ ಹಾಕುವ ಪ್ರೋಗ್ರಾಂಗೆ ಈ ಶ್ರಮ ತಕ್ಕದ್ದು. ಪಠ್ಯ ಸಂಪಾದಕಕ್ಕೆ ಬೇಡ. ವಿಡಿಯೊ ಪರಿವರ್ತಿಸುವ ಎಫ್‌ಎಫ್‌ಎಂಪೆಗ್‌ಗೂ ಬಹುಮಟ್ಟಿಗೆ ಬೇಡ, ಅದು ಓಡುವಾಗಲೇ ಪ್ರೊಸೆಸರನ್ನು ಗುರುತಿಸಿ ತಕ್ಕ ಅಸೆಂಬ್ಲಿ ಕೋಡನ್ನು ಆರಿಸಿಕೊಳ್ಳುತ್ತದೆ.

ಎರಡನೆಯದಾಗಿ, ಟರ್ಮಿನಲ್‌ನಲ್ಲಿ ಪ್ರೊಸೆಸರ್‌ನ ವಿವರ ತೋರಿಸುವ ‘ಎಲ್‌ಎಸ್‌ಸಿಪಿಯು’ ಆದೇಶ ಕೊಟ್ಟು ‘ಎವಿಎಕ್ಸ್2’ ಇದೆಯೇ ನೋಡಿ. ಇಂಟೆಲ್ 2013ರಲ್ಲಿ ಹ್ಯಾಸ್‌ವೆಲ್‌ನೊಂದಿಗೆ ತಂದ ಈ ಸೌಲಭ್ಯ, 32 ಬಿಟ್‌ನ ಎಂಟು ಜೋಡಿ ಸಂಖ್ಯೆಗಳನ್ನು ಒಂದೇ ಸೂಚನೆಯಲ್ಲಿ ಕೂಡುತ್ತದೆ.

ಇನ್ನು ಎಡವುವ ಜಾಗ. ಕಟ್ಟುವ ಮೊದಲು ಸಿದ್ಧತೆ ಮಾಡುವ ಕಾನ್ಫಿಗರ್ ಹಂತದಲ್ಲಿ, ಕಂಪೈಲರ್‌ಗೆ ಹೋಗುವ ಆಯ್ಕೆಗಳನ್ನು (ಫ್ಲ್ಯಾಗ್) ಹಿಡಿದಿಡುವ ‘ಸಿಫ್ಲ್ಯಾಗ್ಸ್’ ವೇರಿಯಬಲ್‌ಗೆ ಬಹಳ ಜನ ‘-ಎಮ್‌ಆರ್ಚ್=ನೇಟಿವ್’ (ಈ ಯಂತ್ರದ ಪ್ರೊಸೆಸರ್‌ಗೇ ತಕ್ಕಂತೆ) ಎಂದಷ್ಟೇ ಬರೆಯುತ್ತಾರೆ. ನೀವು ಏನನ್ನೂ ಕೊಡದಿದ್ದಾಗ ಆಟೊಕಾನ್ಫ್ ಎಂಬ ಸಾಧನದಿಂದ ಸಿದ್ಧವಾದ ಕಾನ್ಫಿಗರ್ ಸ್ಕ್ರಿಪ್ಟ್ ತಾನಾಗಿ ‘-ಜಿ -ಓ2’ (ದೋಷ ಹುಡುಕಲು ಬೇಕಾದ ಮಾಹಿತಿ, ಕೋಡ್ ಚುರುಕುಗೊಳಿಸುವ ಮಟ್ಟ) ಹಾಕಿಕೊಳ್ಳುತ್ತದೆ. ನೀವು ಕೊಟ್ಟದ್ದು ಅದರ ಪಕ್ಕಕ್ಕೆ ಸೇರುವುದಿಲ್ಲ, ಅದನ್ನು ತೆಗೆದುಹಾಕಿ ಅದರ ಜಾಗದಲ್ಲೇ ಕೂರುತ್ತದೆ. ಓ2 ಹೋಯಿತೆಂದರೆ ಜಿಸಿಸಿ ಕೋಡನ್ನು ಚುರುಕುಗೊಳಿಸುವ ಕೆಲಸವನ್ನೇ ಬಹುಪಾಲು ಕೈಬಿಡುತ್ತದೆ. ಪ್ರೊಸೆಸರ್‌ನೊಳಗಿನ ರಿಜಿಸ್ಟರ್‌ನಲ್ಲಿ ಇರಬೇಕಾದ ಮೌಲ್ಯಕ್ಕಾಗಿ ಪದೇ ಪದೇ ಮೆಮೊರಿಗೆ ಹೋಗಿಬರುವ ಕೋಡ್ ಹುಟ್ಟುತ್ತದೆ. ಆದ್ದರಿಂದ ‘-ಓ2 -ಎಮ್‌ಆರ್ಚ್=ನೇಟಿವ್’ ಎಂದು ಎರಡನ್ನೂ ಬರೆಯಿರಿ. ಓ ಎಂಬುದು ಇಂಗ್ಲಿಷಿನ ದೊಡ್ಡಕ್ಷರ, ಸೊನ್ನೆಯಲ್ಲ. ಸಿ++ ಕಡತಗಳಿದ್ದರೆ ‘ಸಿಎಕ್ಸ್‌ಎಕ್ಸ್‌ಫ್ಲ್ಯಾಗ್ಸ್’ಗೂ ಅದನ್ನೇ ಕೊಡಿ. ಕಾನ್ಫಿಗರ್ ಬದಲು ಸಿಮೇಕ್ ಬಳಸುವಾಗ ಬಿಲ್ಡ್ ಟೈಪ್ ‘ರಿಲೀಸ್’ ಎಂದು ಹೇಳಲು ಮರೆತರೂ ಎಷ್ಟೋ ಕಡೆ ಇದೇ ಪಾಡು.

ಬರೆದ ಮೇಲೆ ನಂಬಿ ಕೂರಬೇಡಿ. ‘ಮೇಕ್ ವಿ=1’ ಕೊಟ್ಟರೆ ಹೆಚ್ಚಿನ ಕಡೆ ಕಂಪೈಲರ್‌ಗೆ ಹೋಗುವ ಪೂರ್ತಿ ಸಾಲು ತೆರೆಯ ಮೇಲೆ ಬರುತ್ತದೆ; ಎರಡು ಫ್ಲ್ಯಾಗ್‌ಗಳೂ ಅಲ್ಲಿ ಕಾಣಲೇಬೇಕು. ಕಾಣದಿದ್ದರೆ ತಿದ್ದಿ, ‘ಮೇಕ್ ಕ್ಲೀನ್’ ಮಾಡಿಯೇ ಮುಂದುವರಿಯಿರಿ. ಇಲ್ಲವಾದರೆ ಹಳೆಯ ಆಬ್ಜೆಕ್ಟ್ ಕಡತಗಳೇ ಹೊಸ ಪ್ರೋಗ್ರಾಂನೊಳಗೆ ಸೇರಿಕೊಳ್ಳುತ್ತವೆ.

ಎಲ್ಲಿಂದಲೋ ನಕಲು ಮಾಡಿದ ಉದ್ದುದ್ದ ಫ್ಲ್ಯಾಗ್ ಪಟ್ಟಿಗಳನ್ನು ದೂರವಿಡಿ. ಅವುಗಳಲ್ಲಿ ‘-ಎಫ್‌ಫಾಸ್ಟ್-ಮ್ಯಾತ್’ ಇದ್ದರಂತೂ ಮುಟ್ಟಲೇಬೇಡಿ: ಲೆಕ್ಕದಲ್ಲಿ ‘ನ್ಯಾನ್’ (ಸಂಖ್ಯೆಯಲ್ಲದ) ಮೌಲ್ಯ ಬರುವುದೇ ಇಲ್ಲವೆಂದು ಕಂಪೈಲರ್ ಭಾವಿಸುತ್ತದೆ. ಅದನ್ನು ಹಿಡಿಯಲೆಂದು ಬರೆದ ಪರೀಕ್ಷೆ ಸದ್ದಿಲ್ಲದೆ ಮಾಯವಾಗಬಹುದು.

ಕಟ್ಟಲು ಮೇಕ್, ಪರೀಕ್ಷಿಸಲು ಮೇಕ್ ಚೆಕ್, ಸ್ಥಾಪಿಸಲು ಮೇಕ್ ಇನ್‌ಸ್ಟಾಲ್ ಎಲ್ಲರಿಗೂ ಗೊತ್ತಿರುವುದೇ. ಚೆಕ್ ಮಾತ್ರ ಬಿಡಬೇಡಿ.

ಈ ಪ್ರೋಗ್ರಾಮನ್ನು ಹಳೆಯ ಕಂಪ್ಯೂಟರ್‌ಗೆ ಒಯ್ದರೆ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಎಂದು ಹೇಳಿ ನಿಂತುಬಿಡಬಹುದು. ಹಲವು ಯಂತ್ರಗಳಿದ್ದು ಎಲ್ಲದರಲ್ಲೂ ಎವಿಎಕ್ಸ್2 ಜೊತೆಗೆ ಎಫ್‌ಎಂಎ, ಬಿಎಂಐ2 ಎಂಬ ಸೂಚನೆಗಳ ಗುಂಪುಗಳೂ ಇದ್ದರೆ ನೇಟಿವ್ ಬದಲು ‘ಎಕ್ಸ್86-64-ವಿ3’ ಕೊಡಿ. ಜಿಸಿಸಿ 11ರಿಂದ ಈ ಹೆಸರು ನಡೆಯುತ್ತದೆ.

ಕೊನೆಗೆ ಪ್ಯಾಕೇಜ್‌ನಲ್ಲಿ ಬಂದದ್ದನ್ನೂ ನೀವು ಕಟ್ಟಿದ್ದನ್ನೂ ಒಂದೇ ಕೆಲಸಕ್ಕೆ ಐದೈದು ಸಲ ಓಡಿಸಿ, ‘ಟೈಮ್’ ಆದೇಶದಿಂದ ಅಳೆಯಿರಿ. ವ್ಯತ್ಯಾಸ ಕಾಣದಿದ್ದರೆ ಪ್ಯಾಕೇಜನ್ನೇ ಇಟ್ಟುಕೊಳ್ಳಿ. ಅದಕ್ಕಾದರೆ ಭದ್ರತಾ ತಿದ್ದುಪಡಿಗಳು ಸಿಸ್ಟಮ್ ಅಪ್‌ಡೇಟ್ ಜೊತೆಗೇ ಬರುತ್ತವೆ.