ಒಬ್ರೇ ವ್ಯಾನ್ ತಗೊಂಡು ಕೊಪ್ಪಳ-ರಾಯಚೂರು ಒಳದಾರಿ ಸುತ್ತಾಕ ರೂಟ್ ಆರಿಸೋದು ಹೆಂಗ

ಕ್ಯಾಂಪರ್ ವ್ಯಾನ್ ತಗೊಂಡು ಒಬ್ರೇ ಹೊಂಟ್ರ ರೂಟ್ ಆರಿಸೋ ಲೆಕ್ಕಾನ ಬ್ಯಾರೆ ಆಗ್ತೈತಿ. ಇಬ್ರಿದ್ರ ಒಬ್ರು ಇಳದು ಹಿಂದ ನಿಂತು "ಬರ್ಲಿ, ಬರ್ಲಿ, ಸಾಕು" ಅಂತಾರ, ಒಬ್ರೇ ಇದ್ದಾಗ ಆ ದನಿ ಇರಂಗಿಲ್ಲ. ಅದಕ್ಕ ನಾ ನಮ್ ಕಡೆ ಯಾವ ಒಳದಾರಿ ಹಿಡದ್ರೂ ಮೊದ್ಲು ಕೇಳ್ಕೊಳ್ಳೋದು ಒಂದ, ಈ ದಾರ್ಯಾಗ ರಿವರ್ಸ್ ಹಾಕೋ ಪ್ರಸಂಗ ಬರ್ತೈತೋ ಇಲ್ಲೋ. ಚಂದ ಎಷ್ಟೈತಿ ಅನ್ನೋದು ಆಮ್ಯಾಲಿನ ಮಾತು, ಕೊಪ್ಪಳ-ರಾಯಚೂರು ಸೀಮ್ಯಾಗ ಚಂದಕ್ಕೇನು ಬರ ಇಲ್ರಿ.

ಇದಕ್ಕ ಇರೋ ಸುಲಭ ಪರೀಕ್ಷೆ ಅಂದ್ರ ಬಸ್. ಕಲ್ಯಾಣ ಕರ್ನಾಟಕ ಸಾರಿಗೆ ಬಸ್ ದಿನಾ ಓಡಾಡೋ ದಾರ್ಯಾಗ ಟೆಂಪೋ ಟ್ರಾವೆಲರ್ ಮ್ಯಾಲ ಕಟ್ಟಿದ ವ್ಯಾನ್ ಹೋಗೇ ಹೋಗ್ತೈತಿ, ತಿರುವಿನ್ಯಾಗ ಸಿಕ್ಕಂಗಿಲ್ಲ, ಕೊನೆ ಊರಾಗ ಬಸ್ ತಿರುಗಿಸೋ ಜಾಗನೂ ಇರ್ತೈತಿ. ಹಿಂದಿನ ದಿನ ಬಸ್ ಸ್ಟ್ಯಾಂಡಿಗೆ ಹೋಗಿ ಕಂಟ್ರೋಲರ್ ಹತ್ರ ಅಥವಾ ಆ ರೂಟಿನ ಡ್ರೈವರ್ ಹತ್ರ ಎರಡು ನಿಮಿಷ ಮಾತಾಡ್ರಿ, ಎಲ್ಲಿ ಸೇತುವೆ ಕೆಲಸ ನಡದೈತಿ ಎಲ್ಲಿ ರೋಡ್ ಕಿತ್ತೈತಿ ಎಲ್ಲಾ ಅವರ ಬಾಯಾಗ ಇರ್ತೈತಿ, ಯಾವ ಮ್ಯಾಪೂ ಇಷ್ಟು ಹೇಳಂಗಿಲ್ಲ. ಮ್ಯಾಪಿನ ತೊಂದ್ರಿ ಏನಂದ್ರ ಅದು ಹೊಲದ ಬಂಡಿ ದಾರೀನೂ ರೋಡ್ ಅಂತ ತೋರಿಸಿ ನಾಕು ಕಿಲೋಮೀಟರ್ ಉಳಿಸಾಕ ಅದರಾಗ ಕಳಿಸ್ತೈತಿ. ಸ್ಯಾಟಲೈಟ್ ವ್ಯೂ ಹಾಕಿ ಜೂಮ್ ಮಾಡಿ ಡಾಂಬರ್ ಐತೋ ಬರೀ ಮಣ್ಣೋ ನೋಡ್ಕೋರಿ, ಮ್ಯಾಪ್ ಆಫ್‌ಲೈನ್ ಇಳಿಸ್ಕೋರಿ, ಗುಡ್ಡದ ಮರಿಗೆ ಹೋದ್ರ ನೆಟ್‌ವರ್ಕ್ ಹೋಗ್ತೈತಿ.

ಇನ್ನ ಮಣ್ಣು. ಇದನ್ನ ಬೆಂಗಳೂರು ಕಡಿಂದ ಬರೋರು ಲೆಕ್ಕಕ್ಕ ಹಿಡಿಯಂಗಿಲ್ಲ. ಯಲಬುರ್ಗಾ, ಕುಕನೂರು ಸುತ್ತ, ಲಿಂಗಸುಗೂರು ಕಡೆ ಎರಿ ಭೂಮಿ, ಅಂದ್ರ ಕಪ್ಪು ಮಣ್ಣು ಭಾಳ, ಒಣಗಿದ್ದಾಗ ಬಿರುಕು ಬಿಟ್ಟು ಕಲ್ಲಿನಂಗ ಇರ್ತೈತಿ, ಒಂದು ಮಳಿ ಬಿದ್ರ ಸಾಕು ಟೈರಿಗೆ ಮೆತ್ಕೊಂಡು ಗಾಲಿ ತಿರುಗದಂಗ ಮಾಡ್ತೈತಿ. ಮಸಾರಿ, ಅಂದ್ರ ಕೆಂಪು ಮಣ್ಣಿನ್ಯಾಗ ಮಳಿ ನಿಂತ ಮ್ಯಾಲ ಒಂದು ತಾಸಿಗೆ ಹೋಗಬಹುದು, ಎರಿಯಾಗ ಎರಡು ದಿನ ಬಿಸಿಲು ಬೀಳ್ಬೇಕು. ವ್ಯಾನಿನ ತೂಕ ಬ್ಯಾರೆ ಜಾಸ್ತಿ, ನೀರಿನ ಟ್ಯಾಂಕು ಬ್ಯಾಟರಿ ಎಲ್ಲಾ ಸೇರಿ. ಅದಕ್ಕ ಎರಿ ಸೀಮ್ಯಾಗ ಊಟಕ್ಕ ನಿಂದ್ರಾಕೂ ಡಾಂಬರ್ ಬಿಟ್ಟು ಹೊಲದ ಬದುವಿಗೆ ಇಳಿಸಬ್ಯಾಡ್ರಿ, ಶಾಲಿ ಮುಂದಿನ ಮೈದಾನ ಇಲ್ಲಾ ಗುಡಿ ಮುಂದಿನ ಬಯಲು ನೋಡ್ರಿ, ಕೇಳಿ ನಿಂದ್ರಸ್ರಿ.

ಕಾಲ ಯಾವುದು ಅನ್ನೋದ್ರ ಮ್ಯಾಲ ರೂಟ್ ತಿರುವ್ಬೇಕು. ಆಗಸ್ಟ್‌ನಿಂದ ಅಕ್ಟೋಬರ್ ಅಂದ್ರ ತುಂಗಭದ್ರಾ ಎಡದಂಡೆ ಕಾಲುವೆ ತುಂಬಿ ಗಂಗಾವತಿ, ಕಾರಟಗಿ, ಸಿಂಧನೂರು ಭತ್ತದ ಹಸಿರು ಕಣ್ಣಿಗೆ ಹೊಡಿತೈತಿ, ಆ ಕಡೆ ಹೋಗ್ರಿ. ಡಿಸೆಂಬರ್-ಜನವರಿ ಅಂದ್ರ ಎರಿ ಕಡೆ, ಹಿಂಗಾರಿ ಜೋಳ ತೆನಿ ಹಿಡದಿರ್ತೈತಿ, ಕಡ್ಲಿ ಕುಸುಬಿ ಇರ್ತಾವ, ಬೆಳಿಗ್ಗೆ ಚಳಿ ಇರ್ತೈತಿ. ರಾಶಿ ಮಾಡೋ ಟೈಮಿನ್ಯಾಗ ರೈತರು ಡಾಂಬರ್ ಮ್ಯಾಲ ಭತ್ತ ಹರವಿರ್ತಾರ, ಅವಾಗ ಅರ್ಧ ರೋಡ್ ಅವರದು ಅಂತ ತಿಳ್ಕೊಂಡು ನಿಧಾನ ಹೋಗ್ರಿ, ಹಾರ್ನ್ ಹೊಡಿಬ್ಯಾಡ್ರಿ. ಮಾರ್ಚ್ ಮುಗದ ಮ್ಯಾಲ ಬ್ಯಾಡ. ರಾಯಚೂರಿನ್ಯಾಗ 40 ಡಿಗ್ರಿ ದಾಟಿದಾಗ ತಗಡಿನ ವ್ಯಾನಿನ್ಯಾಗ ಒಬ್ರೇ ಮಲಗೋದು ಜೀವಕ್ಕ ಒಳ್ಳೇದಲ್ಲ.

ಈಗ ನನಗ ಇಷ್ಟದ ಸುತ್ತು ಹೇಳ್ತೀನಿ. ಕೊಪ್ಪಳದಿಂದ ಗದಗ ಹೈವೇ ಹಿಡದು ಬನ್ನಿಕೊಪ್ಪದ ಹತ್ರ ಬಲಕ್ಕ ಹೊಳ್ಳಿ ಇಟಗಿ. ಅಲ್ಲಿ ಮಹಾದೇವ ಗುಡಿ 1112ರಾಗ ಕಟ್ಟಿದ್ದು, ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು, ಶಾಸನದಾಗ ಅದಕ್ಕ ದೇವಾಲಯ ಚಕ್ರವರ್ತಿ ಅಂತ ಕರದಾರ, ನೋಡಿದ್ರ ಆ ಮಾತು ಖರೇ ಅನಿಸ್ತೈತಿ, ಕಂಬಗಳ ನುಣುಪು ಕೈಯಿಂದ ಮುಟ್ಟಿ ನೋಡೋವರೆಗೂ ಕಲ್ಲು ಅಂತ ನಂಬಾಕ ಆಗಂಗಿಲ್ಲ. ವಾಪಸ್ ಹೈವೇಗೆ ಬರಬ್ಯಾಡ್ರಿ, ಹಂಗ ಕುಕನೂರಿಗೆ ಹೋಗಿ ನವಲಿಂಗ ಗುಡಿ ನೋಡಿ ಯಲಬುರ್ಗಾ, ಕುಷ್ಟಗಿ ಮುಟ್ರಿ. ಈ ಪಟ್ಟಿಯಾಗ ಗದಗ-ವಾಡಿ ಹೊಸ ರೈಲು ಲೈನ್ ಬಂದೈತಿ, ಅಂಡರ್‌ಪಾಸ್ ಸಿಗ್ತಾವ. ನಿಮ್ಮ ವ್ಯಾನಿನ ಎತ್ತರ ಮ್ಯಾಲಿನ ಕ್ಯಾರಿಯರ್, ಸೋಲಾರ್ ಎಲ್ಲಾ ಹಿಡದು ಟೇಪಿನಿಂದ ಅಳದು ಡ್ಯಾಶ್‌ಬೋರ್ಡ್ ಮ್ಯಾಲ ಬರದು ಅಂಟಿಸ್ರಿ, ಮಳಿಯಾಗ ಅಂಡರ್‌ಪಾಸಿನ್ಯಾಗ ನೀರು ನಿಂತಿದ್ರ ಆಳ ಗೊತ್ತಿಲ್ದ ಇಳಿಸಬ್ಯಾಡ್ರಿ.

ಕುಷ್ಟಗಿಯಿಂದ ತಾವರಗೇರಾ, ಅಲ್ಲಿಂದ ಮುದಗಲ್. ಅಲ್ಲಿನ ಕೋಟೆ, ಕಂದಕ ರೋಡಿನಿಂದನ ಕಾಣ್ತಾವ, ವ್ಯಾನ್ ಹೊರಗ ನಿಂದ್ರಿಸಿ ನಡಕೊಂಡು ಹೋಗ್ರಿ, ಹಳೇ ಅಗಸಿ ಬಾಗಿಲು ಒಳಗ ವ್ಯಾನ್ ತೂರಸೋದು ಬ್ಯಾಡ. ಲಿಂಗಸುಗೂರು ಮ್ಯಾಲ ಮಸ್ಕಿ. ಅಶೋಕನ ಆಜ್ಞೆ ಕೆತ್ತಿದ ಬಂಡೆಗಳಾಗ ಅವನ ಹೆಸರು ಇರೋವು ನಾಕ ಜಾಗ, ಅದರಾಗ ಮೂರು ನಮ್ ಕಡೆ ಅದಾವ, ಮಸ್ಕಿ ರಾಯಚೂರಿಂದು, ನಿಟ್ಟೂರು ಉಡೇಗೋಳಂ ಬಳ್ಳಾರಿ ಜಿಲ್ಲೆದು. ಮಸ್ಕಿದು 1915ರಾಗ ಸಿಕ್ಕಿದ್ದು, ಶಾಸನಗಳಾಗ ದೇವಾನಾಂಪ್ರಿಯ ಅನ್ನೋ ಬಿರುದಿನ ರಾಜ ಅಂದ್ರ ಅಶೋಕನ ಅಂತ ಗಟ್ಟಿ ಆಗಿದ್ದು ಅದರಿಂದ. ಇಷ್ಟು ದೊಡ್ಡ ಜಾಗ, ಹೈವೇ ಮ್ಯಾಲ ಹೋಗೋ ಮಂದಿ ತಿರುಗಿ ನೋಡಂಗಿಲ್ಲಲ್ಲ ಅಂತ ನನಗ ಸಂಕಟ ಆಗ್ತೈತಿ.

ಮಸ್ಕಿಯಿಂದ ಸಿಂಧನೂರು, ಕಾರಟಗಿ, ಅಲ್ಲಿಂದ ನವಲಿ ಮ್ಯಾಲ ಕನಕಗಿರಿ. ಕಣ್ಣಿದ್ದವರು ಕನಕಗಿರಿ ನೋಡ್ಬೇಕು ಕಾಲಿದ್ದವರು ಹಂಪಿ ನೋಡ್ಬೇಕು ಅಂತ ಹಿರಿಯರು ಹೇಳಿದ್ದು ಸುಮ್ನ ಅಲ್ಲ, ಕನಕಾಚಲಪತಿ ಗುಡಿಗೆ ಅರ್ಧ ದಿನ ಇಟ್ಕೋರಿ. ಆಮ್ಯಾಲ ಗಂಗಾವತಿ, ಆನೆಗೊಂದಿ, ಸಣಾಪುರ, ಹುಲಿಗಿ, ಕೊಪ್ಪಳ. ಕಪ್ಪು ಹೊಲ, ಭತ್ತದ ಗದ್ದಿ, ಬಂಡೆ ಗುಡ್ಡ ಮೂರೂ ಒಂದ ಸುತ್ತಿನ್ಯಾಗ ಬಂದ್ವು, ಹೋದ ದಾರೀಲೇ ಹೊಳ್ಳಿ ಬರೋದೂ ಇಲ್ಲ. ಕೊನೆ ತುಂಡು ಬುಧವಾರ ಗುರುವಾರಕ್ಕ ಬರೋ ಹಂಗ ಹೊಂದಿಸ್ರಿ, ಮಂಗಳವಾರ ಶುಕ್ರವಾರ ಹುಣ್ಣಿಮಿ ಹುಲಿಗೆಮ್ಮನ ಕಡೆ ಜನ, ಶನಿವಾರ ಅಂಜನಾದ್ರಿ ಕಡೆ ಜನ, ಪಾರ್ಕಿಂಗ್ ಸಿಗಂಗಿಲ್ಲ. ದಿನಕ್ಕ 100 ಕಿಲೋಮೀಟರ್ ಒಳಗ ಇಟ್ಕೋರಿ, ಹಂಪ್ಸು, ಕುರಿ ಹಿಂಡು, ಕಬ್ಬಿನ ಟ್ರ್ಯಾಕ್ಟರ್ ಹಿಡದ್ರ ತಾಸಿಗೆ 30ರ ಮ್ಯಾಲ ಹೋಗಂಗಿಲ್ಲ.

ಕಾಲುವೆ ದಂಡಿ ಮ್ಯಾಲಿನ ರೋಡ್ ಫೋಟೋದಾಗ ಭಾಳ ಚಂದ, ವ್ಯಾನಿಗೆ ಮಾತ್ರ ಬ್ಯಾಡ. ಒಂದು ಕಡೆ ನೀರು ಒಂದು ಕಡೆ ಇಳಿಜಾರು, ಎದುರಿಗೆ ಟ್ರ್ಯಾಕ್ಟರ್ ಬಂದ್ರ ಯಾರಾದ್ರೂ ಹಿಂದಕ್ಕ ಹೋಗಲೇಬೇಕು. ಗಂಗಾವತಿಯಿಂದ ಕಂಪ್ಲಿ ಕಡೆ ದಾಟೋರು ಮಳಿಗಾಲದಾಗ ಡ್ಯಾಂನಿಂದ ಎಷ್ಟು ನೀರು ಬಿಟ್ಟಾರ ಅಂತ ಬೆಳಿಗ್ಗೆ ಪೇಪರ್ ನೋಡ್ಕೊಂಡು ಹೊರಡ್ರಿ, ಹೊಳಿ ತುಂಬಿ ಬಂದ್ರ ಕಂಪ್ಲಿ ಸೇತುವೆ ಮುಳುಗ್ತೈತಿ, ಕಡೇಬಾಗಿಲು-ಬುಕ್ಕಸಾಗರ ಸೇತುವೆ ಕಡೆ ಸುತ್ತಿ ಹೋಗ್ಬೇಕು.

ಬಳ್ಳಾರಿ ಕಡೆಯವರು ಸಂಡೂರು ಕೇಳ್ತಾರ. ಮಳಿ ಮುಗಿಯೋ ಹೊತ್ತಿಗೆ, ಸೆಪ್ಟೆಂಬರ್ ಸುಮಾರಿಗೆ ಕುಮಾರಸ್ವಾಮಿ ಬೆಟ್ಟದ ಹಸಿರು ನೋಡಾಕ ಪುಣ್ಯ ಬೇಕು, ಆದ್ರ ತೋರಣಗಲ್ಲು ಕಡೆಯಿಂದ ಅದಿರು ಲಾರಿ ಸಾಲು ಇರ್ತೈತಿ, ಕೂಡ್ಲಿಗಿ ಕಡೆಯಿಂದ ಹೋಗ್ರಿ.

ರಾತ್ರಿ ಎಲ್ಲಿ ಅನ್ನೋದು ರೂಟಿನ ಭಾಗಾನ. 2025ರ ಮಾರ್ಚ್‌ನಾಗ ಸಣಾಪುರ ಕಾಲುವೆ ಹತ್ರ ರಾತ್ರಿ ಕುಂತ ಪ್ರವಾಸಿಗರ ಮ್ಯಾಲ ಆದ ಹಲ್ಲೆ, ಅತ್ಯಾಚಾರಾನ ಈ ಭಾಗದೋರು ಮರ್ತಿಲ್ಲ, ಅದಕ್ಕ ನೀರಿನ ದಂಡಿ, ಗುಡ್ಡದ ಬುಡ ಮಲಗೋ ಜಾಗ ಅಂತ ಇಟ್ಕೋಬ್ಯಾಡ್ರಿ, ಗುಡ್ಡದ ಕಡೆ ಚಿರತಿ ಕರಡಿನೂ ಅದಾವ. ಪೆಟ್ರೋಲ್ ಬಂಕು, ಮಠದ ಅಂಗಳ, ಹೋಂಸ್ಟೇ ಕಂಪೌಂಡು, ಇವನ್ನ ಮಧ್ಯಾಹ್ನನ ಫೋನ್ ಮಾಡಿ ಕೇಳಿ ಗಟ್ಟಿ ಮಾಡ್ರಿ, ಬೆಳಕಿದ್ದಾಗ ಮುಟ್ರಿ, ವ್ಯಾನಿನ ಮೂತಿ ರೋಡಿನ ಕಡೆ ಮಾಡಿ ನಿಂದ್ರಸ್ರಿ, ಬಿಟ್ಟು ಹೊಂಟ್ರ ನೇರ ಹೋಗೋ ಹಂಗ. ಕುಡಿಯೋ ನೀರು ಬೋರಿಂದು ತುಂಬಬ್ಯಾಡ್ರಿ, ಈ ಜಿಲ್ಲೆಗಳಾಗ ಭಾಳ ಕಡೆ ಫ್ಲೋರೈಡ್ ಐತಿ, ಊರೂರಿಗೆ ಶುದ್ಧ ನೀರಿನ ಘಟಕ ಅದಾವ, ಕಾಯಿನ್ ಇಟ್ಕೋರಿ. ನಿಮ್ಮ ಸಿಂಕಿನ ಹೊಲಸು ನೀರು ಮಾತ್ರ ಕಾಲುವಿಗೆ ಬಿಡಬ್ಯಾಡ್ರಿ, ಕೆಳಗಿನ ಊರಿನೋರು ಕೆರಿ ತುಂಬಿಸ್ಕೊಂಡು ಅದನ್ನ ಕುಡಿತಾರ.

ಹೊರಡೋ ಮುಂದ ದಿನಾ ಮುಟ್ಟೋ ಊರಿನ ಹೆಸರು, ಬರೋ ಟೈಮು ಬರದು ಮನಿಯಾಗ ಒಬ್ರಿಗೆ ಕೊಡ್ರಿ, ರಾತ್ರಿ ಎಂಟಕ್ಕ ನಿಮ್ಮ ಫೋನ್ ಬರ್ಲಿಲ್ಲಂದ್ರ ಯಾರಿಗೆ ಕರಿಬೇಕು ಅನ್ನೋದನ್ನೂ ಅದರಾಗ ಬರೀರಿ.